ಚರ್ಮದ ಮೇಲಿನ ಸೂಕ್ಷ್ಮಜೀವಿಗಳು: ಹದ ಕೆಡಿಸುವ ಮುಲಾಮು, ಹದ ತರುವ ಆರೈಕೆ

ಮಳೆಗಾಲ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮನೆಗಳಲ್ಲಿ ತುರಿಕೆಯ ಮಾತು ಶುರುವಾಗುತ್ತದೆ. ತೊಡೆಸಂದಿಯಲ್ಲಿ, ಸೊಂಟದ ಸುತ್ತ, ಸೀರೆಯ ಲಂಗ ಬಿಗಿಯುವ ಕಡೆ ಉಂಗುರದಂಥ ಕೆಂಪು ಗುರುತು ಏಳುತ್ತದೆ. ನಮ್ಮವರು ಹುಳುಕಡ್ಡಿ ಎನ್ನುತ್ತಾರೆ, ಪಕ್ಕದ ಮನೆಯ ಮರಾಠಿಯವರು ಗಜಕರ್ಣ, ನಾಯಟಾ ಎನ್ನುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಯಾವ ಹೆಸರನ್ನೂ ಕೇಳದೆ ಒಂದು ಟ್ಯೂಬ್ ಕೊಡುತ್ತಾರೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ತಿಂಗಳೊಳಗೆ ಎರಡರಷ್ಟು ಜಾಗದಲ್ಲಿ ಮರಳಿ ಬರುತ್ತದೆ. ಇದು ಯಾಕೆ ಹೀಗಾಗುತ್ತದೆ ಎಂದು ಸದಸ್ಯ ಬಂಧುಗಳು ಕೇಳುತ್ತಲೇ ಇರುತ್ತಾರೆ. ಇದರ ಜೊತೆಗೆ, ಒಳ್ಳೆಯ ಬ್ಯಾಕ್ಟೀರಿಯಾವನ್ನು ಚರ್ಮಕ್ಕೆ ಹಚ್ಚಿ ರೋಗ ವಾಸಿ ಮಾಡುವ ವಿಚಾರ ಈಗೀಗ ಪತ್ರಿಕೆಗಳಲ್ಲೂ ಮೊಬೈಲಿನಲ್ಲೂ ಬರುತ್ತಿದೆ. ಎರಡೂ ಒಂದೇ ವಿಷಯದ ಎರಡು ತುದಿಗಳಾದ್ದರಿಂದ ಇಲ್ಲಿ ಒಟ್ಟಿಗೇ ಹೇಳುತ್ತಿದ್ದೇವೆ.

ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಸದಾ ಇರುತ್ತವೆ. ಹೆಚ್ಚಿನವು ಬ್ಯಾಕ್ಟೀರಿಯಾ, ಅವುಗಳ ಜೊತೆ ಒಂದಿಷ್ಟು ಶಿಲೀಂಧ್ರ. ಕೆಲವು ಕಡೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಹತ್ತು ಲಕ್ಷದವರೆಗೂ ಇರುತ್ತವೆ. ಸ್ನಾನ ಮಾಡಿದರೆ ಒಂದಷ್ಟು ಹೋಗುತ್ತವೆ, ಕೆಲವೇ ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಎಲಿಜಬೆತ್ ಗ್ರೈಸ್, ಜೂಲಿಯಾ ಸೆಗ್ರೆ ಮತ್ತು ಸಂಗಡಿಗರು ಹತ್ತು ಜನ ಆರೋಗ್ಯವಂತರ ಮೈಮೇಲಿನ ಇಪ್ಪತ್ತು ಜಾಗಗಳಿಂದ ಮಾದರಿ ತೆಗೆದು, ಜೀನ್ ಪರೀಕ್ಷೆಯ ಮೂಲಕ ಯಾವ ಬ್ಯಾಕ್ಟೀರಿಯಾ ಎಲ್ಲಿ ಎಂದು ನಕ್ಷೆ ಮಾಡಿದರು. ಎಣ್ಣೆ ಜಿನುಗುವ ಹಣೆ ಮತ್ತು ಬೆನ್ನಿನಲ್ಲಿ ಒಂದು ಬಗೆ, ಬೆವರಿನ ತೇವ ಇರುವ ಕಂಕುಳು ಮತ್ತು ಬೆರಳಸಂದಿಯಲ್ಲಿ ಇನ್ನೊಂದು ಬಗೆ, ಒಣ ಮುಂಗೈಯಲ್ಲಿ ಮತ್ತೊಂದು ಬಗೆ. ಒಂದೇ ಹೊಲದಲ್ಲಿ ಒಂದು ಮಗ್ಗುಲು ಎರೆ, ಇನ್ನೊಂದು ಮಗ್ಗುಲು ಮಸಾರಿ ಇದ್ದರೆ ಬೆಳೆಯೂ ಕಳೆಯೂ ಬೇರೆ ಬೇರೆ ಆಗುತ್ತವಲ್ಲ, ಹಾಗೆ. ಯಾವ ಜೀವಿ ಉಳಿಯಬೇಕು ಎಂಬುದನ್ನು ಮೊದಲು ತೀರ್ಮಾನಿಸುವುದು ಆ ಜಾಗದ ತೇವ, ಎಣ್ಣೆ, ಹುಳಿ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಹುಳಿ ಎಂದೆವು. ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಅಳತೆಯಲ್ಲಿ ಸುಮಾರು 5. ಚರ್ಮದ ಎಣ್ಣೆಯನ್ನು ಒಡೆದು ಆಮ್ಲ ಮಾಡುವ ಕೆಲಸದಲ್ಲಿ ಅಲ್ಲಿನ ಬ್ಯಾಕ್ಟೀರಿಯಾದ ಪಾಲೂ ಇದೆ. ಮೊಡವೆಗೆ ಹೆಸರಾದ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬುದೇ ಈ ಕೆಲಸವನ್ನು ಹೆಚ್ಚಾಗಿ ಮಾಡುವುದು! ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಇನ್ನೊಂದು ಎಲ್ಲರ ಮೈಮೇಲೂ ಇರುತ್ತದೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅದರ ದಾಯಾದಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೀವು, ಕುರು, ಹುಣ್ಣಿನ ಬ್ಯಾಕ್ಟೀರಿಯಾ. ಎಪಿಡರ್ಮಿಡಿಸ್‌ನ ಕೆಲವು ತಳಿಗಳು ಆರಿಯಸ್ ಬೆಳೆಯದಂತೆ ತಡೆಯುವ ವಸ್ತುಗಳನ್ನು ಬಿಡುತ್ತವೆ. ನಾವು ಬಳಸುವ ಸೋಪಿನ ಬಿಲ್ಲೆಗಳ ಪಿಎಚ್ ಬಹುತೇಕ 9ರಿಂದ 10, ಅಂದರೆ ಕ್ಷಾರ. ಗಟ್ಟಿ ಚರ್ಮದವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಸ್ವಲ್ಪ ಹೊತ್ತಿನಲ್ಲಿ ಚರ್ಮ ತನ್ನ ಹುಳಿಯನ್ನು ಮರಳಿ ಪಡೆಯುತ್ತದೆ. ಇಸುಬು ಇರುವ ಮಕ್ಕಳಿಗೆ ದಿನಕ್ಕೆ ಎರಡು ಸಲ ಸೋಪು ಹಚ್ಚಿ ಉಜ್ಜಿದರೆ ಮಾತ್ರ ಚರ್ಮ ಇನ್ನಷ್ಟು ಬಿರಿಯುತ್ತದೆ.

ಆ ಮಕ್ಕಳ ಚರ್ಮದಲ್ಲಿ ಏನಾಗುತ್ತದೆ ಎಂಬುದನ್ನು 2012ರಲ್ಲಿ ಹೈಡಿ ಕಾಂಗ್ ಮತ್ತು ಸಂಗಡಿಗರು ತೋರಿಸಿದರು. ಇಸುಬು ಉಲ್ಬಣಿಸಿದಾಗ ಬ್ಯಾಕ್ಟೀರಿಯಾದ ಬಗೆಗಳು ಕಡಿಮೆಯಾಗಿ ಆರಿಯಸ್ ಮೇಲುಗೈ ಪಡೆದಿತ್ತು. ಚಿಕಿತ್ಸೆಯಾದ ಮೇಲೆ ಬಗೆಗಳು ಮತ್ತೆ ಹೆಚ್ಚಿದವು. ಬಿರಿದ ಚರ್ಮಕ್ಕೆ ಆರಿಯಸ್ ಬರುತ್ತದೆ, ಆರಿಯಸ್ ಬಂದರೆ ಚರ್ಮ ಇನ್ನೂ ಬಿರಿಯುತ್ತದೆ. ಈ ಸುತ್ತನ್ನು ಎಲ್ಲಿ ಕಡಿಯಬೇಕು ಎಂಬುದೇ ವೈದ್ಯರ ಮುಂದಿರುವ ಪ್ರಶ್ನೆ.

ಈಗ ಮೆಡಿಕಲ್ ಅಂಗಡಿಯ ಆ ಟ್ಯೂಬಿಗೆ ಬರೋಣ. ಅದರೊಳಗೆ ಸಾಮಾನ್ಯವಾಗಿ ಮೂರು ಔಷಧ ಇರುತ್ತವೆ: ಒಂದು ಸ್ಟಿರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ. ಕೇಳಲು ಒಳ್ಳೆಯದೇ ಅನಿಸುತ್ತದೆ, ಏನೇ ರೋಗವಿದ್ದರೂ ಒಂದಲ್ಲ ಒಂದು ತಾಗುತ್ತದೆ ಎಂದು. ಆಗುವುದು ಬೇರೆ. ಸ್ಟಿರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಮಲಗಿಸುತ್ತದೆ. ತುರಿಕೆ, ಕೆಂಪು, ಊತ ಎಲ್ಲವೂ ಆ ಶಕ್ತಿಯ ಹೋರಾಟದ ಗುರುತುಗಳಾದ್ದರಿಂದ ಅವು ಇಳಿಯುತ್ತವೆ, ನಮಗೆ ವಾಸಿಯಾದಂತೆ ಕಾಣುತ್ತದೆ. ಶಿಲೀಂಧ್ರಕ್ಕೆ ಮಾತ್ರ ಕಾವಲಿಲ್ಲದ ಹೊಲ ಸಿಕ್ಕಂತಾಗುತ್ತದೆ. ಹುಳುಕಡ್ಡಿ ಶಿಲೀಂಧ್ರದ ರೋಗವಾದ್ದರಿಂದ ಅದರ ಮೇಲೆ ಆಂಟಿಬಯಾಟಿಕ್‌ಗೆ ಯಾವ ಕೆಲಸವೂ ಇಲ್ಲ. ಅಲ್ಲಿದ್ದ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ, ಉಳಿದವು ಆ ಔಷಧಕ್ಕೆ ಜಗ್ಗದಂತೆ ಆಗುತ್ತವೆ. ನಾಲ್ಕು ದಿನ ಹಚ್ಚಿ ಬಿಟ್ಟ ಶಿಲೀಂಧ್ರನಾಶಕವೂ ಅರ್ಧ ಕೆಲಸ ಮಾಡಿ ನಿಲ್ಲುತ್ತದೆ. ಚರ್ಮದ ಸೂಕ್ಷ್ಮಜೀವಿ ಸಮುದಾಯವನ್ನು ಬದಲಿಸುವ ಪ್ರಯೋಗ ವಿದೇಶದ ಲ್ಯಾಬುಗಳಲ್ಲಿ ಮಾತ್ರ ನಡೆಯುತ್ತಿದೆ ಎಂದುಕೊಂಡಿದ್ದರೆ, ನಮ್ಮ ಬಚ್ಚಲುಮನೆಗಳಲ್ಲಿ ಅದು ವರ್ಷಗಳಿಂದ ನಡೆದೇ ಇದೆ, ತಿರುವು ಮುರುವಾಗಿ.

ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಭಾರತದಲ್ಲಿ ಹುಳುಕಡ್ಡಿಯ ಸ್ವಭಾವವೇ ಬದಲಾಗಿದೆ. ಮೊದಲು ಎರಡು ಮೂರು ವಾರದ ಮುಲಾಮಿಗೆ ಹೋಗುತ್ತಿದ್ದುದು ಈಗ ತಿಂಗಳುಗಟ್ಟಲೆ ಮಾತ್ರೆ ಕೇಳುತ್ತದೆ, ಮನೆಮಂದಿಗೆಲ್ಲ ಹಬ್ಬುತ್ತದೆ. ಇದರ ಹಿಂದಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನೀ ಎಂಬ ಹೆಸರಿಟ್ಟರು, ನಮ್ಮ ದೇಶದ ಹೆಸರು ಅದರೊಳಗೇ ಇದೆ. ಅದರ ಹಲವು ತಳಿಗಳಿಗೆ ಟರ್ಬಿನಾಫಿನ್ ಎಂಬ ಮುಖ್ಯ ಔಷಧ ತಾಗುವುದಿಲ್ಲ. ಸ್ಟಿರಾಯ್ಡ್ ಬೆರೆತ ಮುಲಾಮುಗಳ ದುರ್ಬಳಕೆ ಇದಕ್ಕೆ ದೊಡ್ಡ ಕಾರಣಗಳಲ್ಲೊಂದು ಎಂದು ಭಾರತೀಯ ಚರ್ಮವೈದ್ಯರ ಸಂಘ ಬಹಳ ಕಾಲದಿಂದ ಹೇಳುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಇದೆ, ಟ್ಯೂಬೂ ಸಿಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿರಿ, ಓದಲಾಗದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಿರಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಇಸುಬು, ಸೋರಿಯಾಸಿಸ್ ಮುಂತಾದವಕ್ಕೆ ವೈದ್ಯರು ಇದೇ ಔಷಧವನ್ನು ಅಳತೆಯಿಂದ ಕೊಡುತ್ತಾರೆ, ಅಲ್ಲಿ ಅದು ಬೇಕಾದದ್ದೇ. ಈ ಬರಹ ಓದಿ ಅಂಥವರು ತಾವಾಗಿಯೇ ನಿಲ್ಲಿಸಬಾರದು.

ಟ್ಯೂಬಿನಿಂದ ಇನ್ನೊಂದು ಅಪಾಯವಿದೆ, ಅದನ್ನು ಬಿಡಿಸಿ ಹೇಳಬೇಕು. ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ, ಮುಟ್ಟಿದರೆ ಗೊತ್ತಾಗುವುದಿಲ್ಲ, ತುರಿಕೆಯೂ ಇಲ್ಲ ಎಂದರೆ ಕುಷ್ಠರೋಗದ ಸಂಶಯ ಪಡಬೇಕು. ಅದರ ಮೇಲೆ ಸ್ಟಿರಾಯ್ಡ್ ಹಚ್ಚುತ್ತ ಹೋದರೆ ಮಚ್ಚೆಯ ರೂಪ ಮಸುಕಾಗಿ ರೋಗ ಪತ್ತೆಯಾಗುವುದು ತಡವಾಗುತ್ತದೆ. ಅಷ್ಟರಲ್ಲಿ ನರ ಹಾಳಾಗುತ್ತದೆ, ಹಾಳಾದ ನರ ಮರಳಿ ಬರುವುದು ಕಷ್ಟ. ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಇದೆ, ಪೂರ್ತಿ ವಾಸಿಯಾಗುತ್ತದೆ.

ಚರ್ಮದ ಬ್ಯಾಕ್ಟೀರಿಯಾ ಕುರಿತು ನಮ್ಮ ಸುತ್ತಮುತ್ತಲೇ ನಡೆದ ಒಂದು ಅಧ್ಯಯನವೂ ಈ ರೋಗದ್ದೇ. ಹೈದರಾಬಾದ್ ಮತ್ತು ಮಿರಜ್ ಎಂಬ ಎರಡು ಊರುಗಳಲ್ಲಿ 30 ಜನ ಕುಷ್ಠರೋಗಿಗಳು, 30 ಜನ ಆರೋಗ್ಯವಂತರು, ಒಟ್ಟು 60 ಜನರಿಂದ 90 ಮಾದರಿ ತೆಗೆದರು. ರೋಗಿಗಳಲ್ಲಿ ಮಚ್ಚೆಯ ಮೇಲಿಂದ ಒಂದು, ಚೆನ್ನಾಗಿರುವ ಚರ್ಮದಿಂದ ಒಂದು. 2019ರಲ್ಲಿ ಅದರ ಮಾಹಿತಿ ಪ್ರಕಟವಾಯಿತು. ರೋಗಿಗಳ ಚರ್ಮದ ಬ್ಯಾಕ್ಟೀರಿಯಾ ಸಮುದಾಯ ಆರೋಗ್ಯವಂತರದಕ್ಕಿಂತ ಬೇರೆಯಾಗಿತ್ತು. ರೋಗದಿಂದ ಸಮುದಾಯ ಬದಲಾಯಿತೇ, ಬದಲಾದದ್ದರಿಂದ ರೋಗಕ್ಕೆ ದಾರಿಯಾಯಿತೇ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ಚರ್ಮದ ಸೂಕ್ಷ್ಮಜೀವಿಗಳ ಬಗ್ಗೆ ಬರುವ ಬಹುತೇಕ ಸುದ್ದಿಗಳಿಗೂ ಇದೇ ಮಿತಿ ಇದೆ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ತಂದು ಹಚ್ಚಿದರೆ? ಪ್ರಯತ್ನಗಳು ನಡೆದಿವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ರಿಚರ್ಡ್ ಗ್ಯಾಲೊ ಅವರ ತಂಡ ಆರೋಗ್ಯವಂತರ ಚರ್ಮದಿಂದ ಸ್ಟ್ಯಾಫಿಲೊಕಾಕಸ್ ಹೋಮಿನಿಸ್‌ನ ಒಂದು ತಳಿಯನ್ನು ಆರಿಸಿ ಕ್ರೀಮಿನಲ್ಲಿ ಬೆರೆಸಿ, ಇಸುಬು ಇದ್ದ 54 ಜನರಲ್ಲಿ ಪರೀಕ್ಷಿಸಿತು. 2021ರಲ್ಲಿ ಫಲ ಪ್ರಕಟವಾಯಿತು: ಒಂದು ವಾರದ ಬಳಕೆಯಲ್ಲಿ ಆರಿಯಸ್ ಕಡಿಮೆಯಾಯಿತು, ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ, ಆದರೆ ಒಟ್ಟು ಗುಂಪಿನಲ್ಲಿ ಇಸುಬು ಸ್ಪಷ್ಟವಾಗಿ ಇಳಿಯಲಿಲ್ಲ. ಅದಕ್ಕೂ ಮುಂಚೆ 2018ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಇಯಾನ್ ಮೈಲ್ಸ್ ತಂಡ ರೋಸಿಯೊಮೊನಾಸ್ ಮ್ಯೂಕೋಸಾ ಎಂಬ ಬ್ಯಾಕ್ಟೀರಿಯಾವನ್ನು ಹತ್ತು ಜನ ದೊಡ್ಡವರಿಗೂ ಐದು ಮಕ್ಕಳಿಗೂ ಸಿಂಪಡಿಸಿ ಒಳ್ಳೆಯ ಫಲ ಕಂಡಿತ್ತು. ಅದೇ ಬ್ಯಾಕ್ಟೀರಿಯಾದಿಂದ ಮಾಡಿದ ಔಷಧವನ್ನು ಒಂದು ಕಂಪನಿ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗ, 2021ರಲ್ಲಿ, ಬರಿಯ ದ್ರವ ಸಿಂಪಡಿಸಿಕೊಂಡವರಿಗಿಂತ ಹೆಚ್ಚಿನ ಗುಣ ಸಿಗಲಿಲ್ಲ. ನಮ್ಮ ರೈತ ಸದಸ್ಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಕ್ಕಿಲ್ಲ. ಸವಳು ನೆಲಕ್ಕೆ ಎಷ್ಟು ಒಳ್ಳೆಯ ಬೀಜ ಹಾಕಿದರೂ ಹುಟ್ಟುವುದು ಕಡಿಮೆ. ಈ ದಾರಿಯಲ್ಲಿ ಮುಂದೆ ಔಷಧ ಬರಬಹುದು. ಇವತ್ತು ಆನ್‌ಲೈನಿನಲ್ಲಿ ಪ್ರೋಬಯಾಟಿಕ್ ಎಂದು ಮಾರುವ ದುಬಾರಿ ಕ್ರೀಮುಗಳಿಗೆ ದುಡ್ಡು ಹಾಕುವುದು ಬೇಡವೆಂಬುದು ನಮ್ಮ ಅಭಿಪ್ರಾಯ. ಮುಖಕ್ಕೆ ಮೊಸರು ಹಚ್ಚುವವರು ಹಚ್ಚಲಿ, ತಂಪಾಗುತ್ತದೆ; ಮೊಸರಿನ ಬ್ಯಾಕ್ಟೀರಿಯಾ ಚರ್ಮದ ಮೇಲೆ ಸಂಸಾರ ಹೂಡುವುದಿಲ್ಲ.

ನೆಲದ ಹದ ಸರಿ ಮಾಡುವ ದಾರಿಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಢಾಕಾದ ಶಿಶು ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದರು. ಹಚ್ಚದ ಕೂಸುಗಳಿಗೆ ಹೋಲಿಸಿದರೆ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ 41ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಯಿತು. ಆ ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲವನ್ನು ಚರ್ಮ ತನ್ನ ಗೋಡೆ ಕಟ್ಟಿಕೊಳ್ಳಲು ಬಳಸುತ್ತದೆ, ಗೋಡೆ ಗಟ್ಟಿಯಾದರೆ ಕೆಟ್ಟ ಬ್ಯಾಕ್ಟೀರಿಯಾ ಒಳಗೆ ಇಳಿಯುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇಸುಬು ಇದ್ದವರಿಗೆ ಕೊಬ್ಬರಿ ಎಣ್ಣೆ ಹಚ್ಚಿದಾಗ, ಆಲಿವ್ ಎಣ್ಣೆ ಹಚ್ಚಿದವರಿಗಿಂತ ಹೆಚ್ಚು ಜನರಲ್ಲಿ ಆರಿಯಸ್ ಹೊರಟುಹೋಯಿತು. ಸಾಸಿವೆ ಎಣ್ಣೆ ಮಾತ್ರ ಚರ್ಮದ ಗೋಡೆಗೆ ಒಳ್ಳೆಯದಲ್ಲ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚುವ ಅಜ್ಜಿಯರು ಕೊಬ್ಬರಿ ಎಣ್ಣೆ ಹಿಡಿದೇ ಬಂದವರು, ಒಳ್ಳೆಯದೇ ಆಯಿತು.

ಈ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಮಗ್ಗುಲಲ್ಲೇ ಇದೆ, ಆನೆಕಾಲು ರೋಗದಲ್ಲಿ. ಮರಾಠಿಯಲ್ಲಿ ಹತ್ತಿಪಾಯ. ಲಾತೂರ, ಧಾರಾಶಿವ, ಸೊಲ್ಲಾಪುರ, ಆಚೆ ಬೀದರ, ಕಲಬುರಗಿ ಎಲ್ಲವೂ ಈ ರೋಗದ ಜಿಲ್ಲೆಗಳೆಂದು ಸರ್ಕಾರದ ಪಟ್ಟಿಯಲ್ಲಿವೆ. ಚರಂಡಿ ನೀರಿನ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ಒಂದು ಸಣ್ಣ ಹುಳು ಮೈಯೊಳಗೆ ಸೇರುತ್ತದೆ, ಅದು ಬೆಳೆದು ದುಗ್ಧನಾಳಗಳನ್ನು ಕೆಡಿಸುತ್ತದೆ, ಕಾಲಿನ ನೀರು ಮೇಲೇರದೆ ಊತ ನಿಲ್ಲುತ್ತದೆ. ಮನೆ ಮನೆಗೆ ಬಂದು ನುಂಗಿಸುವ ಮಾತ್ರೆ ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತದೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರನ್ನು ಬಿಟ್ಟು ಉಳಿದವರೆಲ್ಲರೂ ಅದನ್ನು ನುಂಗಬೇಕು. ಆದರೆ ಊದಿದ ಕಾಲು ಆ ಮಾತ್ರೆಯಿಂದ ಇಳಿಯುವುದಿಲ್ಲ. ಹಾಗಾಗಿ ಸೀರೆಯ ನೆರಿಗೆಯಲ್ಲಿ ಕಾಲು ಮುಚ್ಚಿಕೊಂಡು, ಇನ್ನೇನೂ ಆಗುವುದಿಲ್ಲವೆಂದು ಕುಳಿತ ತಾಯಂದಿರು ನಮ್ಮ ಊರುಗಳಲ್ಲಿ ಇದ್ದಾರೆ. ಅವರಿಗೆ ಈ ಭಾಗ ತಲುಪಲಿ ಎಂಬುದೇ ನಮ್ಮ ಮುಖ್ಯ ಉದ್ದೇಶ.

ಊದಿದ ಕಾಲನ್ನು ಮತ್ತೆ ಮತ್ತೆ ಕೆಡಿಸುವುದು ಚರ್ಮದ ಬ್ಯಾಕ್ಟೀರಿಯಾ. ಊತದಿಂದ ಮಡಿಕೆ ಬೀಳುತ್ತದೆ, ಬೆರಳುಗಳು ಅಂಟಿಕೊಳ್ಳುತ್ತವೆ, ಸಂದಿಯಲ್ಲಿ ತೇವ ನಿಲ್ಲುತ್ತದೆ, ಶಿಲೀಂಧ್ರ ಬೆಳೆದು ಚರ್ಮ ಸುಲಿಯುತ್ತದೆ. ಆ ಸೀಳಿನಿಂದ ಸ್ಟ್ರೆಪ್ಟೊಕಾಕಸ್ ಮುಂತಾದವು ಒಳಗಿಳಿಯುತ್ತವೆ. ಇದ್ದಕ್ಕಿದ್ದಂತೆ ಚಳಿಜ್ವರ, ಕಾಲು ಕೆಂಪಗೆ ಬಿಸಿ, ತೊಡೆಸಂದಿಯಲ್ಲಿ ಗಂಟು. ನಾಲ್ಕೈದು ದಿನಕ್ಕೆ ಇಳಿಯುತ್ತದೆ, ಆದರೆ ಪ್ರತಿ ಸಲವೂ ಊತ ಮೊದಲಿಗಿಂತ ಒಂದಿಷ್ಟು ಹೆಚ್ಚಾಗಿ ಉಳಿಯುತ್ತದೆ. ಹುಳು ಸತ್ತು ಎಷ್ಟೋ ವರ್ಷವಾಗಿದ್ದರೂ ಕಾಲು ಬೆಳೆಯುತ್ತಲೇ ಇರುವುದಕ್ಕೆ ಇದು ಕಾರಣ. 1990ರ ದಶಕದ ಕೊನೆಗೆ ಕೇರಳದ ಆಲಪ್ಪುಳ ಕಡೆ ಡಾ. ಆರ್.ಕೆ. ಶೆಣೈ ಮತ್ತು ಸಂಗಡಿಗರು ಪೆನ್ಸಿಲಿನ್, ಹುಳುವಿನ ಮಾತ್ರೆ, ಹಚ್ಚುವ ಔಷಧ ಇವುಗಳನ್ನು ಹೋಲಿಸಿದರು. ಎಲ್ಲ ಗುಂಪಿನವರಿಗೂ ಕಾಲು ತೊಳೆದು ಒಣಗಿಸುವ ಕ್ರಮ ಕಲಿಸಿದ್ದರು. ಜ್ವರದ ಸಲಗಳು ಎಲ್ಲ ಗುಂಪಿನಲ್ಲೂ ಕಡಿಮೆಯಾದವು. ಇಥಿಯೋಪಿಯಾದಲ್ಲಿ ಇದೇ ಬಗೆಯ ಕಾಲೂತ ಇದ್ದ 696 ಜನರಲ್ಲಿ ನಡೆಸಿದ ಪರೀಕ್ಷೆಯಲ್ಲಿ ತೊಳೆಯುವುದು, ಮುಲಾಮು, ಚಪ್ಪಲಿ-ಬೂಟು ಇಂಥ ಆರೈಕೆಯಿಂದ ಜ್ವರದ ಸಲಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದವು ಎಂದು 2018ರಲ್ಲಿ ಹೊರಬಂತು.

ನಮ್ಮಂತೆಯೇ ಗಡಿಯಾಚೆ ಉಳಿದ ಇನ್ನೊಂದು ಕನ್ನಡ ನೆಲ ಕಾಸರಗೋಡು. ಅಲ್ಲಿ ಡಾ. ಎಸ್.ಆರ್. ನರಹರಿ ಅವರು 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆ ಈ ಕಾಲುಗಳ ಆರೈಕೆಗೆ ಒಂದು ಕ್ರಮ ರೂಪಿಸಿದೆ. ಸೋಪಿನಿಂದ ತೊಳೆದು ಒಣಗಿಸುವುದು, ಗಿಡಮೂಲಿಕೆಯ ನೀರಿನಲ್ಲಿ ಕಾಲು ಅದ್ದುವುದು, ಯೋಗದ ಚಲನೆ, ಕೆಳಗಿನಿಂದ ಮೇಲಕ್ಕೆ ಆಯುರ್ವೇದ ತೈಲದ ನೇವರಿಕೆ, ಕೊನೆಗೆ ಬಿಗಿ ಪಟ್ಟಿ. ಸೀಳಿದ ಬೆರಳಸಂದಿಗೆ, ಗಾಯಕ್ಕೆ ಆಧುನಿಕ ಔಷಧವನ್ನೇ ಕೊಡುತ್ತಾರೆ. ಈ ಕ್ರಮವನ್ನು ಅವರು ಹಳ್ಳಿಗರ ನಡುವೆ ಪರೀಕ್ಷಿಸಿದ್ದು ಎರಡು ಜಿಲ್ಲೆಗಳಲ್ಲಿ: ಒಂದು ಆಲಪ್ಪುಳ, ಇನ್ನೊಂದು ಉಮರ್ಗಾದ ನೆರೆಯ ಕಲಬುರಗಿ. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೂರೂವರೆ ತಿಂಗಳು ಪೂರೈಸಿದ 700ಕ್ಕೂ ಹೆಚ್ಚು ಜನರಲ್ಲಿ ಕಾಲಿನ ಊತ ಇಳಿಯಿತು, ಬ್ಯಾಕ್ಟೀರಿಯಾ ಒಳಹೋಗುವ ಸೀಳುಗಳೂ ಜ್ವರದ ಸಲಗಳೂ ಕಡಿಮೆಯಾದವು. ಹೋಲಿಸಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಯಾವ ಭಾಗದಿಂದ ಎಷ್ಟು ಗುಣ ಎಂದು ಬಿಡಿಸಲಾಗದು. ತೊಳೆದು ಒಣಗಿಸುವ ಭಾಗಕ್ಕೆ ಮೇಲೆ ಹೇಳಿದ ಬೇರೆ ಆಧಾರಗಳೂ ಇವೆ, ಮನೆಯಲ್ಲಿ ಇವತ್ತೇ ಶುರು ಮಾಡಬಹುದಾದದ್ದೂ ಅದೇ.

ಮಾಡುವುದು ಹೀಗೆ. ದಿನಕ್ಕೆ ಒಂದು ಸಲ, ಸಂಜೆ ಕೆಲಸ ಮುಗಿದ ಮೇಲೆ, ಸಾದಾ ಸೋಪು ಮತ್ತು ತಣ್ಣೀರು. ಬಿಸಿನೀರು ಬೇಡ. ಕಲ್ಲಿನಿಂದ, ನಾರಿನಿಂದ ಉಜ್ಜಬೇಡಿ, ಅಂಗೈಯಿಂದ ಮೇಲಿನಿಂದ ಕೆಳಗೆ ಮಡಿಕೆ ಮಡಿಕೆ ಬಿಡಿಸಿ ತೊಳೆಯಿರಿ. ಸೋಪು ಉಳಿಯದಂತೆ ನೀರು ಹಾಕಿ. ನಂತರ ಒಗೆದ ಹತ್ತಿಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿ. ಬೆರಳಸಂದಿಗೆ ಬಟ್ಟೆಯ ತುದಿಯನ್ನು ಸುರುಳಿ ಮಾಡಿ ತೂರಿಸಿ ನೀರು ಹೀರಿಸಿ; ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ತೊಳೆದ ಮೇಲೆ ಒಣಗಿಸದೆ ಬಿಡಬಾರದು. ಸಂದಿ ಬೆಳ್ಳಗೆ ಸುಲಿದಿದ್ದರೆ ಶಿಲೀಂಧ್ರದ ಮುಲಾಮು, ಗಾಯವಿದ್ದರೆ ವೈದ್ಯರು ಹೇಳಿದ ಔಷಧ. ಒಣಗಿ ಬಿರಿದ ಕಡೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್, ಸಂದಿಗೆ ಎಣ್ಣೆ ಬೇಡ. ಕುಳಿತಾಗ, ಮಲಗಿದಾಗ ಕಾಲು ಎತ್ತರದಲ್ಲಿರಲಿ (ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು), ಹಿಮ್ಮಡಿ ಕೀಲನ್ನು ಆಗಾಗ ಮೇಲೆ ಕೆಳಗೆ ಆಡಿಸಿ, ಹೊಲಕ್ಕೂ ಚಪ್ಪಲಿ ಹಾಕಿಕೊಂಡೇ ಹೋಗಿ. ಬೂದಿ, ಸಗಣಿ, ಎಕ್ಕದ ಎಲೆಯ ಶಾಖ ಇವು ಬೇಡವೇ ಬೇಡ. ಬೇವಿನ ತಪ್ಪಲು ಹಾಕಿದ ನೀರಿಗೆ ನಮ್ಮ ತಕರಾರಿಲ್ಲ, ಸೋಪನ್ನು ಬಿಟ್ಟು ಅದನ್ನೇ ನಂಬಬಾರದು ಅಷ್ಟೆ. ಚಳಿಜ್ವರ ಬಂದ ದಿನ ತಿಕ್ಕುವುದು, ವ್ಯಾಯಾಮ, ಪಟ್ಟಿ ಎಲ್ಲ ನಿಲ್ಲಿಸಿ, ತಣ್ಣೀರ ಬಟ್ಟೆ ಹಾಕಿ, ಕಾಲು ಎತ್ತಿ ಮಲಗಿ, ಅದೇ ದಿನ ವೈದ್ಯರ ಬಳಿ ಹೋಗಿ. ಆಗ ಆಂಟಿಬಯಾಟಿಕ್ ನಿಜವಾಗಿ ಬೇಕಾಗುತ್ತದೆ.

ದಿನಾ ತೊಳೆಯಲು ನೀರೆಲ್ಲಿ ಎಂದು ಕೇಳುವವರಿದ್ದೀರಿ. 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಕಂಡವರಿಗೆ ಆ ಪ್ರಶ್ನೆ ಸಹಜ. ಒಂದು ಬುಟ್ಟಿ ಮತ್ತು ಒಂದು ತಂಬಿಗೆ ಇದ್ದರೆ ನಾಲ್ಕೈದು ಲೀಟರಿನಲ್ಲಿ ಒಂದು ಕಾಲು ತೊಳೆದು ಮುಗಿಯುತ್ತದೆ. ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಬಹುದು, ಚರಂಡಿಗೆ ಬಿಟ್ಟು ಸೊಳ್ಳೆ ಬೆಳೆಸುವುದು ಬೇಡ.

ಆನೆಕಾಲು ಇರುವವರಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಬುಟ್ಟಿ, ಮಗ್, ಸೋಪು, ಟವೆಲ್, ಮುಲಾಮು ಸೇರಿದ ಕಿಟ್ ಕೊಡುವ ವ್ಯವಸ್ಥೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾತಾಯಿಯವರಲ್ಲಿ ಹತ್ತಿಪಾಯದ ಕಿಟ್ ಎಂದು ಕೇಳಿ. ಹುಳುಕಡ್ಡಿ ತಿಂಗಳಾದರೂ ಹೋಗದಿದ್ದರೆ, ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಚರ್ಮವಿಭಾಗ ಇರುವ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋಗುವುದು ಒಳ್ಳೆಯದು. ನಿಲಂಗಾದವರಿಗೆ ಲಾತೂರ, ಉದಗೀರದವರಿಗೆ ಲಾತೂರ ಅಥವಾ ಬೀದರ, ಉಮರ್ಗಾದವರಿಗೆ ಸೊಲ್ಲಾಪುರ ಅಥವಾ ಕಲಬುರಗಿ ಅನುಕೂಲ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರು ಮರಾಠಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಆ ಚೀಲ ನೋಡಿದರೆ ಅವರಿಗೆ ಅರ್ಧ ವಿಷಯ ತಿಳಿಯುತ್ತದೆ.